ವಿಕ್ಟರ್ ತಾಳ ಓಡಿಸಲಿಲ್ಲ

ವಿಕ್ಟರ್ ತಾಳ ಓಡಿಸಲಿಲ್ಲ. ಓಡಿಸಿದ್ದು ನನ್ನ ಟೇಪ್‌ರೆಕಾರ್ಡರು. ಅದು ನನಗೆ ಮರುದಿನ ಬೆಳಿಗ್ಗೆಯೇ ಗೊತ್ತಾಗಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡೆ ಎಂದರೂ ಅರ್ಧ ಸತ್ಯವೇ — ಬಾಯಿ ಬಿಟ್ಟು ಸುಳ್ಳು ಹೇಳಿದೆ, ಸಾಲದ್ದಕ್ಕೆ ಸಾಕ್ಷಿಯನ್ನು ಬ್ಲೇಡಿನಲ್ಲಿ ಕತ್ತರಿಸಿ ಎಸೆದೆ. ಹಾಗಾಗಿ ಕೊಚ್ಚಿಯ ಒಬ್ಬ ಡ್ರಮ್ಮರ್ ತನ್ನ ಬ್ಯಾಂಡನ್ನು ಕಳೆದುಕೊಂಡ. ಅವನನ್ನು ಹೊರಹಾಕಿದವನು ಅವನ ಸ್ವಂತ ಅಣ್ಣ, ಗಿಟಾರ್ ನುಡಿಸುತ್ತಿದ್ದ ಲೆಸ್ಲಿ.

ಇದನ್ನು ಈಗ ಹೇಳಬಾರದು ಎನ್ನುವವರು ಸುತ್ತಲೂ ಇದ್ದಾರೆ. ಬರುವ ಶನಿವಾರ ತಿರುವನಂತಪುರದಲ್ಲಿ ಲೆಸ್ಲಿಯ ನೆನಪಿನ ಸಭೆ. ಹೋದ ವರ್ಷ ತೀರಿಕೊಂಡ ಅವನ ಹೆಸರಿನಲ್ಲಿ ಇಲ್ಲಿನ ಸಂಗೀತದ ಹುಚ್ಚಿನ ಹುಡುಗರೆಲ್ಲ ಸೇರಿ ನನ್ನ ಆ ಟೇಪನ್ನೇ ಕೇಳಿಸಲಿದ್ದಾರೆ, ನಾನು ವೇದಿಕೆಯ ಮೇಲೆ ನಿಂತು ನಾಲ್ಕು ಮಾತು ಆಡಬೇಕಂತೆ. ಆಡಲಿರುವ ಮಾತು ಯಾವುದೆಂದು ತಿಳಿದ ಮೇಲೆ ಸಭೆಯ ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. ಮನೆಯಲ್ಲಿ ಹೆಂಡತಿಯದ್ದೂ ಅದೇ ರಾಗ. “ಎಂತ ಮಾರಾಯ್ರೆ ನಿಮಗೆ? ರಿಟೈರಾಗ್ಲಿಕ್ಕೆ ಇನ್ನೂ ಸಮಯ ಉಂಟು. ಸತ್ತವರ ಹೆಸರಿಗೆ ಮಸಿ ಬಳಿದು ಯಾರಿಗೆ ಏನು ಸಿಗ್ತದೆ?” ಎಂದಳು. ಮಸಿ ನನ್ನ ಮುಖಕ್ಕೆ, ಲೆಸ್ಲಿಯ ಮುಖಕ್ಕಲ್ಲ ಎಂದೆ. ಯಾರು ಏನಾದರೂ ಅನ್ನಲಿ, ನಾನು ಸುಮ್ಮನಿರುವುದಿಲ್ಲ — ಸುಮ್ಮನಿದ್ದು ನೋಡಿಯಾಗಿದೆ.

ನಾನು ಕಾಸರಗೋಡಿನ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಧ್ವನಿಮುದ್ರಣ ನನ್ನ ಕೆಲಸ. ಕಚೇರಿಯ ಹೆಸರು ಬೇಡ, ತಪ್ಪು ಅದರದ್ದಲ್ಲ. ಅರವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಕೊಚ್ಚಿಯಲ್ಲಿದ್ದೆ. ಭಾಷಣ, ಉದ್ಘಾಟನೆ, ದೋಣಿಯವರ ಪದ — ಕರೆದಲ್ಲಿಗೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗುವುದು. ಹಾಗೆ ಒಮ್ಮೆ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಹೋದವನು ಹಡಗಿನವರ ಕ್ಲಬ್ಬಿನ ಹಾಲ್‌ನಿಂದ ಬರುತ್ತಿದ್ದ ಸದ್ದು ಕೇಳಿ ನಿಂತುಬಿಟ್ಟೆ. ಕರೆಂಟಿನ ಗಿಟಾರು. ಬಾಟಲಿಯ ಕುತ್ತಿಗೆ ಕತ್ತರಿಸಿ ಮಾಡಿದ ಗಾಜಿನ ಬಳೆಯನ್ನು ಬೆರಳಿಗೆ ತೊಟ್ಟು, ತಂತಿಯ ಮೇಲೆ ಜಾರಿಸುತ್ತ, ಲೆಸ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುತ್ತಿದ್ದ. ಹಡಗಿನವರು ಬಿಟ್ಟುಹೋದ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತದ್ದಂತೆ. ಹಳೆಯ ರೇಡಿಯೊಗಳ ವಾಲ್ವುಗಳನ್ನು ಸೇರಿಸಿ ಆಂಪ್ಲಿಫೈಯರನ್ನು ತಾನೇ ಕಟ್ಟಿದ್ದ, ಅದು ಸದಾ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು. ಹಿಂದೆ ತಮ್ಮ ವಿಕ್ಟರ್ ಡ್ರಮ್ ಬಾರಿಸುತ್ತಿದ್ದ, ಜೊತೆಗೆ ಇನ್ನಿಬ್ಬರು.

ನಮ್ಮ ಕಚೇರಿಯ ದೊಡ್ಡವರಿಗೆ ಅದು ಗದ್ದಲ, ಹಡಗುಕಟ್ಟೆಯ ಕುಡುಕರ ಗದ್ದಲ. ಇರಲಿ. ನಾನು ಬಾಲ್ಯದಿಂದ ತಾಳಮದ್ದಳೆ ಕೇಳಿ ಬೆಳೆದವನು, ಸಂಗೀತ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತವನು. ಹೇಳುತ್ತೇನೆ, ಅಂಥ ಸಂಗೀತ ನನಗೆ ಮತ್ತೆಲ್ಲೂ ಸಿಕ್ಕಲಿಲ್ಲ. ಇದನ್ನು ಆಗಲೂ ಹೇಳಿ ಬೈಸಿಕೊಂಡಿದ್ದೇನೆ, ಈಗಲೂ ಹೇಳುತ್ತೇನೆ. ಎಲ್ಲರಿಗಿಂತ ಮೊದಲು ಆ ಬ್ಯಾಂಡನ್ನು ಟೇಪಿನಲ್ಲಿ ಹಿಡಿಯಬೇಕೆಂದು ಹೊರಟವನು ನಾನೇ. ಮದ್ರಾಸಿನ ಒಂದು ರೆಕಾರ್ಡ್ ಕಂಪನಿಯವರು ಮಾದರಿ ಕಳಿಸಿ ಎಂದಿದ್ದರು, ನಾನು ಮಾಡಿಕೊಡುತ್ತೇನೆ ಎಂದು ಲೆಸ್ಲಿಗೆ ಮಾತು ಕೊಟ್ಟೆ.

ನಾವು ಹೊರಗೆ ಒಯ್ಯುವ ಯಂತ್ರ ಸೆಲ್ಲಿನದು. ಈ ಕೆಲಸದವರಿಗೆಲ್ಲ ಮೊದಲ ದಿನವೇ ಕಲಿಸುವ ಪಾಠ ಒಂದು: ಹೊರಡುವ ಮೊದಲು ಸೆಲ್ ಬದಲಿಸು. ಸೆಲ್ ಬಳಲಿದರೆ ಒಳಗಿನ ಮೋಟಾರು ನಿಧಾನವಾಗುತ್ತದೆ, ಟೇಪ್ ತೆವಳುತ್ತದೆ. ಹಾಗೆ ತೆವಳಿ ಹಿಡಿದ ಟೇಪನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ, ಶ್ರುತಿಯೂ ಏರುತ್ತದೆ. ನಾನು ಆ ಸೆಲ್ಲುಗಳನ್ನು ಬ್ಯಾಂಡಿನ ಮುದ್ರಣದ ಹಿಂದಿನ ದಿನ ಎರ್ನಾಕುಲಂನ ನಮ್ಮ ಕನ್ನಡ ಸಂಘದ ಹಬ್ಬಕ್ಕೆ ಒಯ್ದಿದ್ದೆ. ಬ್ಯಾಂಕಿನವರ, ಕಸ್ಟಮ್ಸಿನವರ ಮಕ್ಕಳು — ಮನೆಯಲ್ಲೂ ಮಲಯಾಳದಲ್ಲೇ ಉತ್ತರ ಕೊಡುವ ಮಕ್ಕಳು — ಅಂದು ಬಾಯಿಪಾಠ ಮಾಡಿ ಕನ್ನಡದಲ್ಲಿ ಹಾಡಿದರು. ಒಂದೊಂದು ಮಗುವಿನ ದನಿಯನ್ನೂ ಹಿಡಿದೆ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಸರ್ಕಾರದ ಸೆಲ್ ಮುಗಿಯಿತು ಎಂದು ಸ್ಟೋರಿನಲ್ಲಿ ಒಪ್ಪಿಕೊಂಡು ಹೊಸದು ಕೇಳಬೇಕಿತ್ತು. ಕೇಳಲು ಮುಖವಿರಲಿಲ್ಲ. ಇನ್ನೂ ಜೀವ ಇದೆ, ನಡೆಯುತ್ತದೆ ಎಂದುಕೊಂಡು ದೋಣಿ ಹತ್ತಿದೆ.

ಕ್ಲಬ್ಬಿನ ಹಾಲ್‌ನಲ್ಲಿ ಮೊದಲ ಮೂರು ಹಾಡು ಚೆನ್ನಾಗಿ ಬಂದವು. ಕೊನೆಯದು ಉದ್ದದ ಹಾಡು. ನಾನು ಕಣ್ಣು ಮುಚ್ಚಿ ತಲೆದೂಗುತ್ತ ಕುಳಿತಿದ್ದೆ, ಸೆಲ್ಲಿನ ಬಲ ತೋರಿಸುವ ಮುಳ್ಳಿನ ಕಡೆ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಕಚೇರಿಯ ದೊಡ್ಡ ಯಂತ್ರದಲ್ಲಿ ಹಾಕಿದೆ. ಕೊನೆಯ ಹಾಡು ನಡೆಯುತ್ತ ಹೊರಟಿತು, ಆಮೇಲೆ ಹೆಜ್ಜೆ ಚುರುಕಾಯಿತು, ಕೊನೆಗೆ ಓಟ — ಲೆಸ್ಲಿಯ ದನಿ ತೆಳ್ಳಗಾಗಿ ಮೇಲೆ ಮೇಲೆ ಹತ್ತುತ್ತ ಅಳುವಿನ ಅಂಚಿಗೆ ಬಂದು ನಿಂತಿತು. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಆಂಪ್ಲಿಫೈಯರಿನ ಗುಂಯ್ ಸದ್ದು ಒಂದೇ ಉಳಿಯಿತು. ಅದೂ ಏರಿತ್ತು. ನನಗೆ ಅಲ್ಲಿಯೇ ಎಲ್ಲ ತಿಳಿಯಿತು. ಗಾಜು ಜಾರಿಸಿ ನುಡಿಸುವವನು ಸ್ವರವನ್ನು ಎಷ್ಟು ಬೇಕಾದರೂ ಮೇಲೆಳೆಯಬಹುದು, ಗೋಡೆಯ ಕರೆಂಟಿನಿಂದ ಬರುವ ಗುಂಯ್ ಸದ್ದನ್ನು ಯಾರೂ ಎಳೆಯಲಾರರು. ನನ್ನ ಸೆಲ್ಲುಗಳು ಸತ್ತಿದ್ದವು, ಅಷ್ಟೇ.

ಹೆದರಿಕೆಯಿಂದ ಮುಚ್ಚಿಟ್ಟೆ ಎಂದರೆ ನೀವು ನಂಬಬಹುದು, ಕನಿಕರವನ್ನೂ ಪಡಬಹುದು. ನನಗದು ಬೇಡ. ಹೆದರಿಕೆ ಇತ್ತು, ಆದರೆ ದೊಡ್ಡ ಕಾರಣ ಬೇರೆ — ಆ ಸುಳ್ಳು ನನಗೆ ಇಷ್ಟವಾಯಿತು. ಕೇಳಿದಾಗ ಮೈ ಜುಮ್ಮೆಂದಿತು. ಎಂಥ ಧ್ವನಿಮುದ್ರಣ, ಯಾರು ಮಾಡಿದ್ದು, ನಾನು ಎಂದು ಒಳಗೊಳಗೇ ಬೀಗಿದೆ. ಕೊನೆಯ ಆ ಗುಂಯ್ ಸದ್ದಿನ ತುಂಡನ್ನು ಬ್ಲೇಡಿನಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ, ಟೇಪನ್ನು ಮದ್ರಾಸಿಗೆ ಕಳಿಸಿದೆ.

ಮದ್ರಾಸಿನವರು ಟೇಪ್ ವಾಪಸು ಕೊಟ್ಟು ಹೇಳಿಕಳಿಸಿದ್ದು ಇಷ್ಟೇ: ಗಿಟಾರಿನವನು ಬರಲಿ, ಡ್ರಮ್ಮಿನವನು ಬೇಡ, ಅವನ ಕೈಯಲ್ಲಿ ತಾಳ ನಿಲ್ಲುವುದಿಲ್ಲ.

ಫೋರ್ಟ್ ಕೊಚ್ಚಿಯಲ್ಲಿ ಅವರ ಮನೆಯ ಮುಂದಿನ ಕೋಣೆ, ಮಧ್ಯಾಹ್ನ. ಅಣ್ಣ, ತಮ್ಮ, ನಾನು — ಮೂವರೂ ಕೂತು ಟೇಪ್ ಕೇಳಿದೆವು. ಮುಗಿದ ಮೇಲೆ ವಿಕ್ಟರ್ ನನ್ನತ್ತ ತಿರುಗಿದ. ಅವರಾಡಿದ್ದು ಮಲಯಾಳ, ಬರೆಯುವುದು ನನ್ನ ಊರಿನ ಕನ್ನಡದಲ್ಲಿ; ಚೇಟ್ಟನ್ ಎಂದರೆ ಅಣ್ಣ, ಅದೊಂದನ್ನು ಹಾಗೇ ಬಿಟ್ಟಿದ್ದೇನೆ.

“ಸಾರೇ, ನಾನು ಓಡಿಸಿದ್ರೆ ಸ್ಪೀಡ್ ಏರ್ಬೇಕು. ಶ್ರುತಿ ಯಾಕೆ ಏರಿತು? ಚೇಟ್ಟನ್ ಅಷ್ಟು ಮೇಲೆ ಹಾಡಿದ್ದು ನನಗೆ ನೆನಪಿಲ್ಲ. ಮೆಷಿನ್‌ನಲ್ಲಿ ಎಂತದೋ ಉಂಟು.”

ಅಲ್ಲಿ ಮೂವರಲ್ಲಿ ಸರಿಯಾಗಿ ಕೇಳಿಸಿಕೊಂಡವನು ಅವನೊಬ್ಬನೇ. ಲೆಸ್ಲಿ ನನ್ನ ಮುಖ ನೋಡಿದ. ಈ ವಿಷಯದಲ್ಲಿ ಬಲ್ಲವನು ನಾನು, ಸರ್ಕಾರದ ಮನುಷ್ಯ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು — ಹೌದು ವಿಕ್ಟರ್, ಸೆಲ್ ಹೋಗಿತ್ತು, ಇನ್ನೊಮ್ಮೆ ಮಾಡೋಣ. ಅಷ್ಟೇ. ನಾನು ಹೇಳಿದ್ದು, “ಮೆಷಿನ್ ಸುಳ್ಳು ಹೇಳೂದಿಲ್ಲ ವಿಕ್ಟರ್. ನೀನು ಓಡಿದೆ, ನಿನ್ನ ಹಿಂದೆ ಅವನೂ ಏರಿದ.”

ಲೆಸ್ಲಿ ನಿಟ್ಟುಸಿರು ಬಿಟ್ಟ. “ನಿನಗೆ ಯಾವತ್ತೂ ತಾಳ್ಮೆ ಇಲ್ಲ ವಿಕ್ಕೀ, ಚಿಕ್ಕಂದಿನಿಂದಲೂ ಇಲ್ಲ” ಎಂದ. ಎಷ್ಟೋ ಕಾಲದಿಂದ ಮನೆಯವರೆಲ್ಲ ಅನ್ನುತ್ತ ಬಂದ ಮಾತಿರಬೇಕು ಅದು, ಅವನ ಬಾಯಲ್ಲಿ ಸಲೀಸಾಗಿ ಬಂತು. ವಿಕ್ಟರ್ ಡ್ರಮ್ಮಿನ ಕೋಲುಗಳನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋದ. ಸ್ವಲ್ಪ ದಿನಗಳಲ್ಲೇ ಅಂಬಲಮುಗಳ್‌ನ ಎಣ್ಣೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿಕೊಂಡ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತು.

ಲೆಸ್ಲಿ ಬೇರೆ ಡ್ರಮ್ಮರನೊಂದಿಗೆ ಮದ್ರಾಸಿನಲ್ಲಿ ಒಂದು ರೆಕಾರ್ಡು ಮಾಡಿದ. ಅದನ್ನು ಯಾರೂ ಕೊಳ್ಳಲಿಲ್ಲ, ಕೊಳ್ಳುವಂತೆಯೂ ಇರಲಿಲ್ಲ. ಆಮೇಲೆ ತಿರುವನಂತಪುರದ ಹೋಟೆಲೊಂದರಲ್ಲಿ ಊಟಕ್ಕೆ ಬಂದವರ ಮುಂದೆ ನುಡಿಸುತ್ತಿದ್ದ. ನನಗೂ ಇಲ್ಲಿಗೇ ವರ್ಗವಾಯಿತು. ರಜೆಯ ದಿನ ಬಂದು ನಮ್ಮ ಮನೆಯಲ್ಲಿ ಕಾಫಿ ಕುಡಿದು ಟೇಪ್ ಹಾಕಿಸಿಕೊಂಡು ಕೇಳುತ್ತಿದ್ದ. ಕೊನೆಯ ಹಾಡಿಗೆ ಬಂದಾಗ ತಲೆ ತಗ್ಗಿಸುತ್ತಿದ್ದ. “ಅವನು ತಪ್ಪು ಮಾಡಿದ್ದು ಹೌದು ಸಾರೇ, ಆದ್ರೆ ಆ ಬೆಂಕಿ ನನಗೆ ಮತ್ತೆ ಸಿಕ್ಕಲಿಲ್ಲ” ಎಂದು ಒಂದು ಸಲ ಹೇಳಿದ. ತಮ್ಮನನ್ನು ಕರೆಸು ಎಂದು ನಾನು ಬುದ್ಧಿ ಹೇಳಿದೆ! ಬುದ್ಧಿ ಹೇಳಲು ಬಂತು, ನಿಜ ಹೇಳಲು ಬರಲಿಲ್ಲ. ಅವನ ಎದುರು ಕುಳಿತು ಎಷ್ಟು ಸಲ ಬಾಯಿ ತೆರೆದೆನೋ — ತೆರೆದು, ಇನ್ನೊಂದು ಲೋಟ ಕಾಫಿ ಬೇಕಾ ಎಂದು ಕೇಳಿದೆ. ಕೊನೆಗೆ ಅವನ ಲಿವರ್ ಕೈಕೊಟ್ಟಿತು.

ಅಷ್ಟರಲ್ಲಿ ಹುಡುಗರು ಆ ಟೇಪಿನಿಂದ ಪ್ರತಿ ತೆಗೆದು, ಪ್ರತಿಯಿಂದ ಪ್ರತಿ ತೆಗೆದು ಹಂಚಿಕೊಂಡಿದ್ದರು. ಅವರಿಗೆ ಪ್ರಾಣ ಎಂದರೆ ಕೊನೆಯ ಹಾಡೇ. ಏರುತ್ತ ಹೋಗುವ ಆ ವೇಗಕ್ಕೆ ಏನೇನೋ ಅರ್ಥ ಹಚ್ಚಿ ನನ್ನನ್ನು ಹಿಡಿದು ಕೊಂಡಾಡುತ್ತಾರೆ. ಲೆಸ್ಲಿಯ ಮಣ್ಣಾದ ಮೇಲೆ ಆ ಹೊಗಳಿಕೆ ಶುರುವಾದರೆ ನಾನು ಎದ್ದು ಹೊರಡುತ್ತಿದ್ದೆ.

ಇಲ್ಲಿನ ಒಂದು ವಿಜ್ಞಾನ ಸಂಸ್ಥೆಯಲ್ಲಿ ಮೈಸೂರಿನ ಮೂರ್ತಿ ಎಂಬವರಿದ್ದಾರೆ, ನಮ್ಮ ನೆರೆಮನೆಯವರು. ಮೊದಲು ನಿಜ ಹೇಳಿದ್ದು ಅವರಿಗೆ. ಟೇಪ್ ಯಂತ್ರದ ವೇಗವನ್ನು ಬೇಕಾದಂತೆ ಇಳಿಸುವ ಸಾಧನವೊಂದನ್ನು ಅವರು ಮನೆಯಲ್ಲೇ ಜೋಡಿಸಿಕೊಂಡಿದ್ದರು. ಹಾಡಿನ ನಡುವೆ ಗಿಟಾರು ಉಸಿರು ತೆಗೆದುಕೊಳ್ಳುವಲ್ಲೆಲ್ಲ ಆ ಗುಂಯ್ ಸದ್ದು ಇನ್ನೂ ಉಳಿದಿತ್ತು, ಅದನ್ನೆಲ್ಲ ನಾನು ಕತ್ತರಿಸಲು ಸಾಧ್ಯವಿರಲಿಲ್ಲ. ಆ ಸದ್ದು ಏರದಂತೆ ವೇಗವನ್ನು ಇಳಿಸುತ್ತ ಇಳಿಸುತ್ತ ಹಾಡನ್ನು ಇನ್ನೊಂದು ಟೇಪಿಗೆ ಇಳಿಸಿದೆವು. ಮೂರ್ತಿಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತ ಕೇಳಿದರು. “ಏನ್ರೀ ಇದು, ಮೊದಲ್ನಿಂದ ಕೊನೇತನಕ ಒಂದಿಷ್ಟೂ ಅಲ್ಲಾಡ್ಲಿಲ್ವಲ್ರೀ!” ಎಂದರು. ಹಾಡು ನಿಧಾನವಾಗಿ, ಭಾರವಾಗಿ, ಒಂದೇ ನಡೆಯಲ್ಲಿ ಸಾಗಿತು. ಲೆಸ್ಲಿಯ ನಿಜವಾದ ದಪ್ಪ ದನಿ ಕೇಳಿಸಿತು. ಬೆಂಕಿ ಅಲ್ಲೇ ಇತ್ತು, ಅದನ್ನು ಕಾಯ್ದುಕೊಂಡು ಕುಳಿತವನು ವಿಕ್ಟರ್. ನಾನು ಅತ್ತೆ. ಅಳುವ ಹಕ್ಕು ನನಗಿಲ್ಲ ಎಂದು ಗೊತ್ತಿದ್ದೇ ಅತ್ತೆ.

ಇದನ್ನು ಕನ್ನಡದಲ್ಲಿ ಬರೆದು ಪುಣ್ಯ ಕಟ್ಟಿಕೊಳ್ಳುವುದು ಸುಲಭ, ವಿಕ್ಟರಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಬರೆಯುವ ಮೊದಲು ಹೋದ ಭಾನುವಾರ ಬಸ್ಸು ಹಿಡಿದು ಕೊಚ್ಚಿಗೆ ಹೋದೆ. ವೈಟ್ಟಿಲದ ಹತ್ತಿರ ಅವನ ಮನೆ. ಆಗಷ್ಟೇ ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಬಂದಿದ್ದ, ತಲೆ ನರೆತಿತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಸೆಲ್ಲು, ಗುಂಯ್ ಸದ್ದು, ಬ್ಲೇಡು, ಆ ಮಧ್ಯಾಹ್ನದ ಮಾತು. ಅವನು ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ತಯಾರಾಗಿ ಹೋಗಿದ್ದೆ.

“ಚೇಟ್ಟನ್‌ಗೆ ಹೇಳಿದ್ರಾ?” ಎಂದು ಮಾತ್ರ ಕೇಳಿದ.

ಇಲ್ಲ ಎಂದೆ.

ಸರಿ ಮಾಡಿದ ಟೇಪ್ ತಂದಿದ್ದೇನೆ, ಯಂತ್ರವೂ ಇದೆ, ಕೇಳು ಎಂದು ನಾನು ಚೀಲ ಬಿಚ್ಚಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ನೀವು ಅವತ್ತು ಹಾಗೆ ಹೇಳಿದ ಮೇಲೆ ನಾನು ಮನೆಯಲ್ಲಿ ಕೂತು ಕೂತು ಯೋಚನೆ ಮಾಡಿದೆ ಸಾರೇ. ಎಲ್ಲಿ ಓಡಿದೆ, ಯಾಕೆ ಓಡಿದೆ ಅಂತ. ಈಗ ನನಗೆ ಚೆನ್ನಾಗಿ ನೆನಪುಂಟು. ನಡುವಿನಲ್ಲಿ ನನ್ನ ಕೈ ಬೆವರಿತು, ಗಾಬರಿಯಾಯಿತು, ಓಡಿದೆ. ಕಣ್ಣಿಗೆ ಕಟ್ಟಿದ ಹಾಗೆ ನೆನಪುಂಟು. ನೀವು ಈಗ ಬಂದು ಓಡಲಿಲ್ಲ ಅಂತೀರಿ.”

ನಾನು ಕ್ಷಮೆ ಕೇಳಲಿಲ್ಲ, ಕೇಳಿದ್ದರೆ ಅವನು ಕೊಟ್ಟುಬಿಡುತ್ತಿದ್ದನೇನೋ ಎಂಬ ಹೆದರಿಕೆ. ಸಭೆಗೆ ಬಾ ಎಂದೆ. ಶನಿವಾರ ತನಗೆ ಪಾಳಿಯ ಕೆಲಸವಿದೆ ಎಂದ.

ಅವನು ಬರುವುದಿಲ್ಲ. ಬಾರದಿದ್ದರೂ ಶನಿವಾರ ಆ ವೇದಿಕೆಯ ಮೇಲೆ ಸರಿ ಮಾಡಿದ ಟೇಪನ್ನೇ ಹಾಕುತ್ತೇನೆ, ಹಾಕುವ ಮೊದಲು ಈ ಬರಹದ ಮೊದಲ ಸಾಲಿನಿಂದ ಕೊನೆಯವರೆಗೂ ಮಲಯಾಳದಲ್ಲಿ ಹೇಳುತ್ತೇನೆ. ಕಾರ್ಯದರ್ಶಿ ಮೈಕ್ ಆರಿಸಿದರೆ ಗಂಟಲಿನಲ್ಲೇ ಹೇಳುತ್ತೇನೆ. ಕಚೇರಿಯವರು ವಿಚಾರಣೆಗೆ ಕರೆದರೆ ಹೋಗುತ್ತೇನೆ. ಹುಡುಗರಿಗೆ ತಮ್ಮ ಪ್ರೀತಿಯ ಓಟ ಕಳೆದುಹೋಗಿ ನನ್ನ ಮೇಲೆ ಮುನಿಸು ಬಂದರೆ ಬರಲಿ. ಆಮೇಲೆ ಪ್ರತಿ ತಿಂಗಳೂ ವೈಟ್ಟಿಲಕ್ಕೆ ಹೋಗುತ್ತೇನೆ. ಅವನು ಒಳಗೆ ಕರೆದರೂ ಸರಿ, ಕರೆಯದಿದ್ದರೂ ಸರಿ — ನೀನು ಓಡಲಿಲ್ಲ ಎಂದು ಹೇಳುತ್ತೇನೆ, ಅವನಿಗೆ ಹಾಗೆಂದು ನೆನಪಾಗುವವರೆಗೆ.