ಎಕರೆಗೆ ಎರಡು ಗುಂಟೆ

ನಕ್ಷೆ ಮಾಡುವವನಿಗೆ ದಾರಿ ಚೆನ್ನಾಗಿ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಅಡುಗೆಯವನಿಗೆ ಹಸಿವೇ ಆಗುವುದಿಲ್ಲ ಎಂದು ನಂಬಿದ ಹಾಗೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಒಂದು ಗಲ್ಲಿಯಿಂದ ಒಳಹೊಕ್ಕು ಇನ್ನೊಂದರಿಂದ ಹೊರಬಿದ್ದು, ಸೊಪ್ಪಿನ ಕಟ್ಟು ಹಿಡಿದುಕೊಂಡು ನನ್ನದೇ ಸ್ಕೂಟರನ್ನು ಹುಡುಕುತ್ತಾ ಅಲೆದ ಸಂಜೆಗಳು ನನ್ನ ಬದುಕಿನಲ್ಲಿ ಬೇಕಾದಷ್ಟಿವೆ. ಅದೇ ಮಾರುಕಟ್ಟೆಯ ಹಿಂದೆ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಫೋನಿನಲ್ಲೂ ಕಂಪ್ಯೂಟರಿನಲ್ಲೂ ನೋಡುವ ನಕ್ಷೆಗಳನ್ನು ಮಾಡಿಕೊಡುವ ಪುಟ್ಟ ಕಚೇರಿ ನಮ್ಮದು. ನಾವು ಎಂದರೆ ನಾನು ಮತ್ತು ಸೆಲ್ವಿ. ಸೆಲ್ವಿ ಚಿನ್ನದ ಗಣಿಯ ಬಡಾವಣೆಯಾದ ಚಾಂಪಿಯನ್ ರೀಫ್ಸಿನವಳು. ಅವಳ ಅಪ್ಪ ಗಣಿಯಲ್ಲಿ ನೆಲದಡಿಗೆ ಇಳಿಯುತ್ತಿದ್ದವರು. ಮಗಳು ನೆಲವನ್ನು ಆಕಾಶದಿಂದ ನೋಡುವ ಕೆಲಸ ಹಿಡಿದಳು.

ಈ ಕಸುಬಿನಲ್ಲಿ ಒಂದು ಮೂಲ ತೊಂದರೆಯಿದೆ. ಭೂಮಿ ಗುಂಡಗಿದೆ, ಫೋನು ಚಪ್ಪಟೆಯಾಗಿದೆ. ಗುಂಡಗಿರುವುದನ್ನು ಚಪ್ಪಟೆ ಮಾಡುವ ಲೆಕ್ಕಾಚಾರಕ್ಕೆ ನಾವು ಪ್ರೊಜೆಕ್ಷನ್ ಎನ್ನುತ್ತೇವೆ. ಪಠ್ಯಪುಸ್ತಕದ ಕನ್ನಡದಲ್ಲಿ ಅದು ಪ್ರಕ್ಷೇಪ. ಕೇಳಿದರೆ ಶಾಂತಿ ಮಾಡಿಸಬೇಕಾದ ಯಾವುದೋ ದೋಷದ ಹೆಸರಿನಂತಿದೆ. ದೋಷವೇ ಅನ್ನಿ. ಆಕಾರ ಸರಿಯಾಗಿರಲಿ ಎಂದರೆ ವಿಸ್ತೀರ್ಣ ಕೆಡುತ್ತದೆ, ವಿಸ್ತೀರ್ಣ ಉಳಿಸಿಕೊಂಡರೆ ಆಕಾರ ಸೊಟ್ಟಗಾಗುತ್ತದೆ, ದೂರ ಬೇಕೆಂದರೆ ಇನ್ನೇನೋ ಕೈಬಿಡುತ್ತದೆ. ಎಲ್ಲವೂ ಸರಿಯಿರುವ ಚಪ್ಪಟೆ ನಕ್ಷೆ ಈವರೆಗೆ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಆದ್ದರಿಂದ ಪ್ರೊಜೆಕ್ಷನ್ ಆರಿಸುವುದೆಂದರೆ ಯಾವ ಸುಳ್ಳನ್ನು ಹೇಳಬೇಕೆಂದು ತೀರ್ಮಾನಿಸುವುದು.

ನಮ್ಮ ಅಕ್ಕ ಜಯಮ್ಮನನ್ನು ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಅವಳು ಅಲ್ಲಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಭಾವ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವರು. ಹಾಗಾಗಿ ಹಸು, ಹೊಲ, ಸಂಘ, ಊರ ಜಗಳ ಎಲ್ಲವೂ ಅಕ್ಕನ ಖಾತೆ. ಯಾರ ಹೊಲದಲ್ಲಿ ಎಷ್ಟು ಮೇವು ಬೆಳೆಯಬಹುದು ಎಂದು ಸಂಘದವರೆಲ್ಲ ಫೋನಿನಲ್ಲೇ ನೋಡುವಂಥ ನಕ್ಷೆ ಬೇಕೆಂದು ಅವಳು ಕೇಳಿದಳು. ನಾವು ಒಪ್ಪಿಕೊಂಡೆವು.

ಯಾವ ಪ್ರೊಜೆಕ್ಷನ್ ಎಂಬ ಮಾತು ಬಂದಾಗ ನಾನು ಯೋಚಿಸಲೂ ಇಲ್ಲ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ವೆಬ್ ನಕ್ಷೆಗಳೂ ಬಳಸುವ, ಇಡೀ ಭೂಮಿಯನ್ನು ಒಂದು ಚೌಕಕ್ಕೆ ಕೂರಿಸುವ ಪ್ರೊಜೆಕ್ಷನ್ ಒಂದಿದೆ; ನಾನು ಅದನ್ನು ಚೌಕದ ಲೋಕ ಎನ್ನುತ್ತೇನೆ. ಹಡಗಿನವರು ದಿಕ್ಕು ತಪ್ಪದಿರಲೆಂದು ಶತಮಾನಗಳ ಹಿಂದೆ ಯೂರೋಪಿನಲ್ಲಿ ಹುಟ್ಟಿದ ಲೆಕ್ಕ ಅದು. ಅದರಲ್ಲಿ ಉತ್ತರ ಯಾವಾಗಲೂ ಮೇಲೆಯೇ ಇರುತ್ತದೆ, ಬೀದಿಯ ಮೂಲೆ ಸೊಟ್ಟಗಾಗದೆ ಮೂಲೆಯಾಗಿಯೇ ಉಳಿಯುತ್ತದೆ, ಉಪಗ್ರಹದ ಚಿತ್ರಗಳು ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಒಂದರ ಪಕ್ಕ ಒಂದು ಕೂರುತ್ತವೆ. ಸೆಲ್ವಿ ಬೇರೆ ಪ್ರಸ್ತಾಪ ತಂದಳು. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಗೆ ಒಂದೊಂದು ಲೆಕ್ಕ ಹಾಕುವ ಪದ್ಧತಿಯೂ ಉಂಟು. ಅಳತೆಗೆ ಅದೇ ವಾಸಿ ಎಂದಳು. ವಿಚಿತ್ರವೆಂದರೆ ಅಂಥ ಎರಡು ಪಟ್ಟಿಗಳ ಗಡಿ ನಮ್ಮ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು ಒಂದು ಪಟ್ಟಿಯಲ್ಲಿ, ಬಂಗಾರಪೇಟೆ ಮತ್ತೊಂದರಲ್ಲಿ. ಭಾವ ಅದನ್ನು ದಿನಕ್ಕೆರಡು ಸಲ ದಾಟುತ್ತಾರೆ, ಎರಡು ಸಲವೂ ನಿದ್ದೆಯಲ್ಲಿ. ಒಂದು ಹಳ್ಳಿಯ ಮೇವಿನ ನಕ್ಷೆಗೆ ಇಷ್ಟೆಲ್ಲ ರಾದ್ಧಾಂತ ಯಾಕೆ ಎಂದು ನಾನು ನಕ್ಕೆ. ಸೆಲ್ವಿಯೂ ಹಟ ಹಿಡಿಯಲಿಲ್ಲ. ಚೌಕದ ಲೋಕವೇ ಗಟ್ಟಿಯಾಯಿತು. ಕೊನೆಗಳಿಗೆಯಲ್ಲಿ ಅಕ್ಕ, ಹೊಲದ ಸುತ್ತ ಬೆರಳಿನಲ್ಲಿ ಗೆರೆ ಎಳೆದರೆ ವಿಸ್ತೀರ್ಣ ಹೇಳುವ ಹಾಗೆ ಏನಾದರೂ ಮಾಡಿಕೊಡು ಎಂದಳು. ಅಳೆಯುವ ಗುಂಡಿಯೊಂದನ್ನು ಸೇರಿಸಿ ಕೊಟ್ಟೆವು.

ನಕ್ಷೆ ಊರಿಗೆ ಹೋದ ಮೊದಲ ವಾರ ಹೊಗಳಿಕೆಯೋ ಹೊಗಳಿಕೆ. ಎರಡನೆಯ ವಾರ ಅಕ್ಕನ ಫೋನು ಬಂತು.

"ನಾರಾಯಣಪ್ಪ ಬಾವ ನಮ್ ಒಲ ಒತ್ತರಿಸ್ಕಂಡವ್ನೆ ಕಣ್ಲಾ. ನಾಕ್ ಗುಂಟೆ. ನಿನ್ ನಕ್ಸೆನೇ ಯೋಳ್ತೈತೆ."

ಈ ನಾರಾಯಣಪ್ಪ ಎಂದರೆ ನಮ್ಮ ಭಾವನ ದೊಡ್ಡಪ್ಪನ ಮಗ. ಅವನ ಹಿಪ್ಪುನೇರಳೆ ತೋಟಕ್ಕೂ ಅಕ್ಕನ ಹೊಲಕ್ಕೂ ನಡುವೆ ಒಂದೇ ಬದು. ಮೇವು ಕತ್ತರಿಸುವ ಯಂತ್ರವನ್ನು ಎರಡು ಮನೆಯವರೂ ಸೇರಿ ತಂದು ಅಕ್ಕನ ಕೊಟ್ಟಿಗೆಯಲ್ಲಿಟ್ಟಿದ್ದರು. ಅವನ ಹೆಂಡತಿ ರತ್ನಮ್ಮನೂ ಅಕ್ಕನೂ ಬೆಳಿಗ್ಗೆ ಡೇರಿಗೆ ಜೊತೆಯಲ್ಲೇ ಹೋಗುವವರು; ಅಕ್ಕ ಆಪರೇಷನ್ ಆಗಿ ಮಲಗಿದ್ದಾಗ ಅವಳ ಹಸುಗಳ ಹಾಲು ಕರೆದಿದ್ದು ರತ್ನಮ್ಮನೇ. ಆ ತೋಟ ಪಹಣಿಯಲ್ಲಿ ಎರಡು ಎಕರೆ. ಅಕ್ಕ ಬದುವಿನ ಕಲ್ಲು ಕಲ್ಲಿಗೂ ಚುಕ್ಕಿ ಇಟ್ಟು ಅಳೆದರೆ ಎರಡು ಎಕರೆ ನಾಲ್ಕು ಗುಂಟೆ ಬಂದಿದೆ. ಹೆಚ್ಚಿಗೆ ಬಂದ ನಾಲ್ಕು ಗುಂಟೆ ಎಲ್ಲಿಂದ ಬರಬೇಕು? ಅಕ್ಕ ಕೊಟ್ಟಿಗೆಗೆ ಬೀಗ ಹಾಕಿದಳು. ರತ್ನಮ್ಮ ಹಾಲಿನ ಕ್ಯಾನು ಹಿಡಿದು ಒಬ್ಬಳೇ ಹೋಗತೊಡಗಿದಳು. ಯಂತ್ರ ಬೀಗದೊಳಗೆ ಸಿಕ್ಕಿದ್ದರಿಂದ ನಾರಾಯಣಪ್ಪ ಕತ್ತರಿಸದ ಮೇವನ್ನೇ ಹಸುಗಳ ಮುಂದೆ ಎಳೆದು ಹಾಕುತ್ತಿದ್ದನಂತೆ.

ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಮುದ್ದೆಗೆ ಎಸರಿಡುತ್ತಾ, ಸರ್ವೆಯವರನ್ನು ಕರೆಸುತ್ತೇನೆ, ಪಂಚಾಯ್ತಿ ಸೇರಿಸುತ್ತೇನೆ ಎಂದೆಲ್ಲ ಹೇಳಿದಳು. ನಾನೂ ಫೋನಿನಲ್ಲಿ ನಾರಾಯಣಪ್ಪನ ತೋಟ ಅಳೆದು ನೋಡಿದೆ. ನಾಲ್ಕು ಗುಂಟೆ ಹೆಚ್ಚಿಗೆಯೇ ಇತ್ತು. ನೆಲ ಬೆಳೆಯುವುದಿಲ್ಲ, ಬೆಳೆಯುವ ಅಭ್ಯಾಸ ಇರುವುದು ನಾನು ಆರಿಸಿದ ಚೌಕದ ಲೋಕಕ್ಕೆ.

"ಅಕ್ಕಾ, ನಿನ್ನೊಲ ಅಳ್ದಿದ್ದೀಯಾ?" ಎಂದು ಕೇಳಿದೆ.

"ನನ್ನೊಲ ನಂಗೊತ್ತಿಲ್ವೇನ್ಲಾ? ಅದನ್ಯಾಕೆ ಅಳೀಲಿ?"

ಅವಳ ಫೋನಿನಲ್ಲೇ ಅಳೆದು ತೋರಿಸಿದೆ. ಅಕ್ಕನ ಹೊಲ ಒಂದೂವರೆ ಎಕರೆ, ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ನಕ್ಷೆ ಒಂದು ಎಕರೆ ಇಪ್ಪತ್ಮೂರು ಗುಂಟೆ ಎಂದಿತು. ಅವಳು ಫೋನನ್ನು ಕಿತ್ತುಕೊಂಡು ತಾನೇ ಅಳೆದಳು. ಆಮೇಲೆ ಎದುರುಮನೆಯವರ ಟೊಮೆಟೊ ತೋಟ ಅಳೆದಳು, ಸ್ಕೂಲಿನ ಮೈದಾನ ಅಳೆದಳು. ಎಲ್ಲಿ ನೋಡಿದರೂ ಎಕರೆಗೆ ಎರಡು ಗುಂಟೆ ಜಾಸ್ತಿ. ಊರಿನವರೆಲ್ಲ ಬೇರೆಯವರ ಹೊಲವನ್ನು ಅಳೆದಿದ್ದರೇ ಹೊರತು ತಮ್ಮದನ್ನು ಅಳೆಯುವ ಗೋಜಿಗೆ ಹೋಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಊಟಕ್ಕೆ ಕೂತಾಗ ಅಕ್ಕ ಕಾರಣ ಕೇಳಿದಳು. ಬಿಸಿ ಮುದ್ದೆಯನ್ನೇ ಭೂಮಿ ಮಾಡಿದೆ. ಅಂಗೈಯಿಂದ ಅದುಮಿ ಚಪ್ಪಟೆ ಮಾಡಿದೆ. ಅಂಚು ಬಿರುಕು ಬಿಟ್ಟಿತು. ಬಿರುಕು ಕಾಣಬಾರದು ಎಂದರೆ ಅಂಚನ್ನು ಹಿಗ್ಗಿಸಿ ಮುಚ್ಚಬೇಕು, ನಡುವಿನಿಂದ ದೂರ ಹೋದಷ್ಟೂ ಹೆಚ್ಚು ಹಿಗ್ಗಿಸಬೇಕು, ಹಾಗೆಯೇ ಭೂಮಿಯ ನಡುಪಟ್ಟಿಯಿಂದ ಉತ್ತರಕ್ಕೆ ಸ್ವಲ್ಪ ಮೇಲಿರುವ ನಮ್ಮ ಸೀಮೆ ಸ್ವಲ್ಪವೇ ಹಿಗ್ಗಿದೆ ಎಂದು ವಿವರಿಸಿದೆ. ಉತ್ತರ ತುದಿಯ ಗ್ರೀನ್‌ಲ್ಯಾಂಡ್ ಎಂಬ ದ್ವೀಪ ನಿಜಕ್ಕೂ ನಮ್ಮ ದೇಶಕ್ಕಿಂತ ಚಿಕ್ಕದು, ಆದರೆ ಈ ನಕ್ಷೆಯಲ್ಲಿ ನಮ್ಮಂಥ ಹಲವು ದೇಶಗಳನ್ನು ನುಂಗುವ ಹಾಗೆ ಕಾಣುತ್ತದೆ ಎಂದೆ. ಅಕ್ಕ ಆ ದ್ವೀಪದವರು ಎಷ್ಟು ಹಸು ಸಾಕುತ್ತಾರೆಂದು ಕೇಳಿದಳು. ಅಲ್ಲಿ ಬರೀ ಮಂಜು ಎಂದೆ. ಅಷ್ಟಗಲ ಕಂಡೇನು ಬಂತು ಎಂದಳು. ಆಮೇಲೆ ನನ್ನ ತಟ್ಟೆ ನೋಡಿ, "ಉಣ್ಣೋ ಮುದ್ದೇನ ಅಂಗ್ ಆಳ್ ಮಾಡ್ಬ್ಯಾಡ, ತಿನ್ನು" ಎಂದಳು. ಆದರೆ ಅವಳು ಊಟ ಮಾಡಿದ್ದು ಅಷ್ಟಕ್ಕಷ್ಟೆ.

ಸೋಮವಾರ ಸೆಲ್ವಿಗೆ ಎಲ್ಲ ಹೇಳಿದೆ. ನಾನು ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಲ್ಲಿ ಬರುತ್ತದೆಂದು ಕಾದಿದ್ದೆ. ಬರಲಿಲ್ಲ. ಹಿನ್ನೆಲೆಯ ಚಿತ್ರವನ್ನು ಬದಲಿಸುವುದು ಬೇಡ, ಗೆರೆ ಎಳೆದ ಮೇಲೆ ಲೆಕ್ಕವನ್ನು ಮಾತ್ರ ಗುಂಡು ಭೂಮಿಯ ಮೇಲೇ ಮಾಡಿಸೋಣ ಎಂದಳು.

"ನೋಡಕ್ಕೆ ಒಂದು, ಅಳೆಯಕ್ಕೆ ಒಂದು ಇರ್ಲಿ ಅಣ್ಣಾ. ಎರಡೂ ಒಂದೇ ಯಾಕಾಗ್ಬೇಕು?"

ಮಧ್ಯಾಹ್ನದೊಳಗೆ ಮುಗಿಯಿತು. ಸಂಜೆಯಿಂದ ಫೋನುಗಳು ಶುರುವಾದವು. ಅಕ್ಕನಿಂದ ಸುದ್ದಿ ಕೇಳಿ ಹಿಂದಿನ ದಿನ ತಮ್ಮ ತಮ್ಮ ಹೊಲ ಅಳೆದು ನೋಡಿದ್ದ ಹಾಲು ಸಂಘದ ಸದಸ್ಯರೆಲ್ಲರ ಜಮೀನೂ ಒಂದೇ ದಿನದಲ್ಲಿ ಕುಗ್ಗಿಹೋಗಿತ್ತು. ನಿಜವಾಗಿ ಯಾರದೂ ಒಂದು ಗೇಣು ನೆಲ ಹೋಗಿರಲಿಲ್ಲ. ಎರಡು ವಾರದ ಹಿಂದೆ ಆ ಹೆಚ್ಚಿನ ಗುಂಟೆಗಳು ಇವೆಯೆಂದೂ ಅವರಿಗೆ ಗೊತ್ತಿರಲಿಲ್ಲ. ಆದರೂ ಪ್ರತಿಯೊಬ್ಬರೂ ಕಳೆದುಕೊಂಡವರ ದನಿಯಲ್ಲೇ ಮಾತಾಡಿದರು. ಬಂದದ್ದನ್ನು ಗಮನಿಸದಿದ್ದರೂ ಹೋದದ್ದನ್ನು ತಪ್ಪದೆ ಗಮನಿಸುವ ಶಕ್ತಿ ನಮಗೆಲ್ಲ ಹುಟ್ಟಿನಿಂದಲೇ ಬಂದಿದೆ.

ಅಕ್ಕನ ಮನೆಯ ಹಸು ಆ ವಾರವೇ ಈದಿತ್ತು. ಅವಳು ಗಿಣ್ಣು ಮಾಡಿ, ಒಂದು ದೊಡ್ಡ ಡಬ್ಬಿಗೆ ತುಂಬಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು ನಾರಾಯಣಪ್ಪನ ಮನೆಗೆ ಹೋದಳು. ತಪ್ಪಾಯಿತು ಎನ್ನುವ ಮಾತು ನಮ್ಮ ಮನೆತನದಲ್ಲಿ ಯಾರ ಬಾಯಿಂದಲೂ ಸುಲಭವಾಗಿ ಬರುವುದಿಲ್ಲ. ಆ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದಳು. ಜಗಲಿಯ ಮೇಲೆ ಕೂತಿದ್ದ ನಾರಾಯಣಪ್ಪನಿಗೆ ನಾನು ಮತ್ತೆ ಉತ್ತರ ತುದಿಯಿಂದ ಶುರು ಮಾಡಿ ಅವನ ಬದುವಿನವರೆಗೂ ಬಂದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಕ್ಕನ ಕಡೆ ತಿರುಗಿದ.

"ನಕ್ಸೆ ಸುಳ್ ಯೋಳ್ತು, ಸರಿ. ನೀನ್ ಅದ್ನ ನಂಬ್ಬುಟ್ಯಲ್ಲಮ್ಮ."

ರತ್ನಮ್ಮ ಒಳಗೆ ಅವರೆಕಾಯಿ ಸುಲಿಯುತ್ತಿದ್ದಳು. ಅಕ್ಕ ಹೋಗಿ ಅವಳ ಎದುರು ಕೂತು, ಮೊರದಿಂದ ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿಯತೊಡಗಿದಳು. ರತ್ನಮ್ಮ ಕೊನೆಗೆ ಮೊರವನ್ನು ಅಕ್ಕನ ಕಡೆಗೆ ಸ್ವಲ್ಪ ಸರಿಸಿದಳು. ಹೊರಡುವಾಗ ಅಕ್ಕ ಕೊಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಗಿಣ್ಣಿನ ಡಬ್ಬಿಯ ಮುಚ್ಚಳದ ಮೇಲಿಟ್ಟು ಬಂದಳು.

ಕತೆ ಇಲ್ಲಿಗೇ ನಿಂತಿದ್ದರೆ ನಾನು ಪ್ರೊಜೆಕ್ಷನ್ ಆರಿಸುವವರಿಗೆ ನಾಲ್ಕು ಬುದ್ಧಿಮಾತು ಹೇಳಿ ದೊಡ್ಡವನಾಗಬಹುದಿತ್ತು. ಆದರೆ ತಿಂಗಳು ಕಳೆದ ಮೇಲೆ ನಾರಾಯಣಪ್ಪನೇ ಫೋನು ಮಾಡಿದ. ಮಗಳನ್ನು ನೋಡಲು ಮುಳಬಾಗಿಲಿನ ಕಡೆಯಿಂದ ಗಂಡಿನವರು ಬರುತ್ತಿದ್ದಾರೆ, ಈಗಿನವರು ಎಲ್ಲವನ್ನೂ ಫೋನಿನಲ್ಲೇ ನೋಡುತ್ತಾರೆ ಎಂದು ಸುತ್ತಿ ಬಳಸಿ ಹೇಳಿ, ಕೊನೆಗೆ ದನಿ ತಗ್ಗಿಸಿ, ಅವತ್ತೊಂದು ದಿನದ ಮಟ್ಟಿಗೆ ಹಳೆಯ ನಕ್ಷೆಯನ್ನೇ ಹಾಕಲು ಆಗುತ್ತದೆಯೇ ಎಂದು ಕೇಳಿದ. ನಾನು ಸೆಲ್ವಿಯ ಮುಖ ನೋಡಿದೆ. ಅವಳು ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಆಗುವುದಿಲ್ಲ ಎಂದು ಹೇಳಿದೆ.

ಗಂಡಿನವರು ಬಂದ ದಿನ ನಾನೂ ಹೋಗಿದ್ದೆ. ಉಪ್ಪಿಟ್ಟು, ಕಾಫಿ ಆಯಿತು. ಹುಡುಗನ ಸೋದರಮಾವ ಜಮೀನಿನ ಮಾತು ಎತ್ತಿದ. ನಾರಾಯಣಪ್ಪ ಎರಡು ಎಕರೆ ಎಂದು ಹೇಳಿ ನೆಲ ನೋಡಿದ. ಆಗ ಒಳಗಿನಿಂದ ಲೋಟಗಳನ್ನು ತೆಗೆದುಕೊಂಡು ಹೋಗಲು ಬಂದ ಅಕ್ಕ ಬಾಗಿಲಲ್ಲೇ ನಿಂತಳು.

"ಕಾಗ್ದದಾಗೆ ಎಲ್ಡ್ ಎಕ್ರೆ," ಎಂದಳು. "ನೋಡೋರ್ ಕಣ್ಗೆ ಇನ್ನಾ ನಾಕ್ ಗುಂಟೆ ಜಾಸ್ತಿನೇ ಕಾಣ್ತೈತೆ."

ಸೋದರಮಾವ ಮೆಚ್ಚಿಕೊಂಡು ತಲೆಯಾಡಿಸಿದ. ನಾರಾಯಣಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡ. ಗುಂಡಿಯ ಲೆಕ್ಕ ತಿದ್ದಿದ್ದರೂ ನೋಡುವ ಚಿತ್ರ ಇನ್ನೂ ಹಳೆಯ ಚೌಕದ ಲೋಕದ್ದೇ. ಅಕ್ಕನ ಮಾತಿನಲ್ಲಿ ತಿದ್ದುವಂಥದು ಏನಾದರೂ ಇದೆಯೇ ಎಂದು ನಾನು ಯೋಚಿಸಿ ನೋಡಿದೆ. ಒಂದಕ್ಷರವೂ ಇರಲಿಲ್ಲ.