ಕಾಲುಂಗುರದ ಸಿಗ್ನಲ್

ನನ್ನ ಗಂಡನಿಗೆ ನೆಲದ ಮೇಲಿರುವ ಯಾವ ವಸ್ತುವೂ ಕಾಣುವುದಿಲ್ಲ. ಸಿಂಕಿನಲ್ಲಿ ಬಿದ್ದಿರುವ ಪಾತ್ರೆ ಕಾಣುವುದಿಲ್ಲ, ಸೋಫಾದ ಮೇಲೆ ತಾನೇ ಎಸೆದ ಒದ್ದೆ ಟವೆಲ್ ಕಾಣುವುದಿಲ್ಲ. ನೆಲದ ಕೆಳಗೆ ಒಂದು ಗೇಣು ಆಳದಲ್ಲಿ ಯಾರೋ ಬೀಳಿಸಿಕೊಂಡ ಚಿಲ್ಲರೆ ಮಾತ್ರ ಕಾಣುತ್ತದೆ, ಅದೂ ಕಿವಿಯ ಮೂಲಕ.

ನಾವಾಗ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಬಾಡಿಗೆಗಿದ್ದೆವು. ಇವನಿಗೆ ಐಟಿ ಕೆಲಸ, ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ. ಯಾರೋ ಊರು ಬಿಡುವವರು ಮಾರುತ್ತಿದ್ದ ಮೆಟಲ್ ಡಿಟೆಕ್ಟರ್ ಒಂದನ್ನು ಇವನು ಮನೆಗೆ ತಂದ. ಉದ್ದನೆಯ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಒಂದು ತಟ್ಟೆ, ಕಿವಿಗೆ ಹೆಡ್‌ಫೋನ್. ಕನ್ನಡದವರ ಮನೆಗಳಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಸೇರಿದಾಗಲೆಲ್ಲ ಇವನು ಅದನ್ನು "ನಮ್ಮಿಬ್ಬರ ಹಾಬಿ" ಎಂದು ಹೇಳಿಕೊಳ್ಳುತ್ತಿದ್ದ. ಇಬ್ಬರ ಹಾಬಿ ನಡೆಯುತ್ತಿದ್ದ ರೀತಿ ಹೀಗೆ: ಇವನು ಹೆಡ್‌ಫೋನ್ ಹಾಕಿಕೊಂಡು ರಾಜಗಾಂಭೀರ್ಯದಿಂದ ತಟ್ಟೆ ಬೀಸುತ್ತ ಮುಂದೆ ಹೋಗುವುದು, ನಾನು ಹಿಂದೆ ಮಂಡಿಯೂರಿ ಅಗೆಯುವುದು. ನಾಣ್ಯ ಬಂದರೆ ಅದು ಇವನು ಕಂಡುಹಿಡಿದದ್ದು. ಬಿಯರ್ ಕ್ಯಾನಿನ ರಿಂಗು ಬಂದರೆ ನಾನು ತಪ್ಪು ಜಾಗ ಅಗೆದಿದ್ದೆ.

ಸುಳ್ಳೇಕೆ ಹೇಳಲಿ, ಮೊದಮೊದಲು ನನಗೂ ಇಷ್ಟವಾಗಿತ್ತು. ಹಸಿರು ಕಿಲುಬುಗಟ್ಟಿದ ಒಂದು ಪೆನ್ನಿ ನಾಣ್ಯವನ್ನು ಉಗುರಿನಿಂದ ಉಜ್ಜಿದಾಗ ಯಾವುದೋ ರಾಜನ ಗಡ್ಡ ಕಾಣಿಸಿತ್ತು. ಅವತ್ತು ಇಬ್ಬರೂ ಹುಲ್ಲಿನ ಮೇಲೆ ಕೂತು ನಗುತ್ತ ಪುಳಿಯೋಗರೆ ತಿಂದೆವು.

ತೊಂದರೆ ಶುರುವಾದದ್ದು ನನ್ನ ಕಾಲಿನಿಂದ. ಬೇಸಿಗೆಯಲ್ಲಿ ಚಪ್ಪಲಿ ಹಾಕಿಕೊಂಡು ಪಕ್ಕದಲ್ಲಿ ನಿಂತರೆ ಮೆಷಿನ್ ಕೂಗುತ್ತಿತ್ತು. ನನ್ನ ಕಾಲುಂಗುರದ ಸಿಗ್ನಲ್. ಅದರ ದನಿಯೇ ಬೇರೆ, ಹೆಡ್‌ಫೋನಿನ ಹೊರಗೂ ಕೇಳಿಸುವ, ಅರ್ಧಕ್ಕೆ ನಿಂತು ಮತ್ತೆ ಎಳೆಯುವ ಕೀರಲು ದನಿ.

"ಸ್ವಲ್ಪ ದೂರ ನಿಂತ್ಕೊಳೇ, ನಿನ್ ಕಾಲು ಡಿಸ್ಟರ್ಬ್ ಮಾಡ್ತಿದೆ" ಎನ್ನುತ್ತಿದ್ದ. ಕೆಲವು ವಾರಗಳಾದ ಮೇಲೆ, "ತೆಗೆದಿಡ್ಬಾರ್ದಾ ಅದನ್ನ? ಇಲ್ಲಿ ಯಾರ್ ನೋಡ್ತಾರೆ?" ಎಂದ.

ಆ ಕಾಲುಂಗುರ ನನ್ನ ಸೋದರಮಾವ ಮಾಡಿಸಿಕೊಟ್ಟದ್ದು. ನಮ್ಮಲ್ಲಿ ಮದುವೆಯ ಕಾಲುಂಗುರ ಸೋದರಮಾವನದೇ ಉಡುಗೊರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವರು ಗ್ರೀಸು ಹತ್ತಿದ ಕೈಯನ್ನು ಎರಡೆರಡು ಸಲ ತೊಳೆದುಕೊಂಡು ಬಂದು, ನನ್ನ ಕಾಲ್ಬೆರಳಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡು ಹೋಗಿದ್ದರು. ಜೋಡಿಯ ಎರಡರ ಮೇಲೂ ಒಂದೊಂದು ಪುಟ್ಟ ಮೀನು ಕೆತ್ತಿಸಿದ್ದರು. ಧಾರೆಯ ದಿನ ನನ್ನ ಪಾದವನ್ನು ಕಲ್ಲಿನ ಮೇಲಿಟ್ಟು ಅದನ್ನು ತೊಡಿಸಿದವನು ಇದೇ ಗಂಡ. ಮದುವೆಯಾದ ವರ್ಷವೇ ಸೋದರಮಾವ ತೀರಿಕೊಂಡರು. ಅವರದ್ದು ಅಂತ ನನ್ನ ಬಳಿ ಇದ್ದದ್ದು ಅದೊಂದೇ.

ಇಷ್ಟೆಲ್ಲ ಇವನಿಗೆ ಗೊತ್ತಿತ್ತು. ಆದರೂ ಪ್ರತಿ ಶನಿವಾರ ಅದೇ ರಾಗ ಕೇಳಿ ಕೇಳಿ, ಒಂದು ದಿನ ಸೋಪು ಹಚ್ಚಿ ತೆಗೆದು ಬಾತ್‌ರೂಮಿನ ಕಪಾಟಿನಲ್ಲಿಟ್ಟೆ. ಬೆರಳಿನ ಸುತ್ತ ಬಿಳಿಯ ಪಟ್ಟಿ ಉಳಿದಿತ್ತು.

ಮರುದಿನ ಡ್ಯೂಟಿ ಮುಗಿಸಿ ಬಂದರೆ ಹಿತ್ತಲಿನ ಹುಲ್ಲಿನಲ್ಲಿ ಐಸ್‌ಕ್ರೀಮ್ ಕಡ್ಡಿಗಳು ನಿಂತಿದ್ದವು. ಮೆಷಿನ್ನಿನ ಕಿವಿ ಎಷ್ಟು ಚುರುಕು ಎಂದು ನೋಡಲು ಈ ಹಾಬಿಯವರು ಗೊತ್ತಿರುವ ವಸ್ತುಗಳನ್ನು ಬೇರೆ ಬೇರೆ ಆಳದಲ್ಲಿ ಹೂತು ಪರೀಕ್ಷೆ ಮಾಡುತ್ತಾರಂತೆ. ಒಂದು ಕಡ್ಡಿಯ ಕೆಳಗೆ ಪೆನ್ನಿ, ಇನ್ನೊಂದರ ಕೆಳಗೆ ಸೀಸದ ಗುಂಡು. ಬಟ್ಟೆ ಒಣಗಿಸುವ ಕಂಬದ ಹತ್ತಿರದ ಕಡ್ಡಿ ತೋರಿಸಿ ಹಲ್ಲುಬಿಟ್ಟ.

"ಸಣ್ಣ ಬೆಳ್ಳಿ ಕೇಳ್ಸುತ್ತಾ ಇಲ್ವಾ ಅಂತ ಡೌಟ್ ಇತ್ತು. ನಿನ್ ಕಾಲುಂಗುರ ಹೂತಿದೀನಿ. ಸೂಪರಾಗಿ ಕೇಳ್ಸುತ್ತೆ ಕಣೇ."

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಎರಡು ದಿನ ಅಷ್ಟೆ. ಸುಮ್ನೆ ಕಪಾಟಲ್ಲಿ ಬಿದ್ದಿತ್ತಲ್ಲ."

ಎರಡು ದಿನ ಎರಡು ತಿಂಗಳಾಯಿತು. ನಾನು ಕೇಳಿದಾಗಲೆಲ್ಲ ಇನ್ನೊಂದು ಸೆಟ್ಟಿಂಗ್ ನೋಡುವುದು ಬಾಕಿ ಇರುತ್ತಿತ್ತು. ಅಷ್ಟರಲ್ಲಿ ನನಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಕೆಲಸ ಸಿಕ್ಕಿತು. ನಾನು ಮೊದಲೇ ಹೋಗಿ ಸೇರಿಕೊಂಡೆ, ಮನೆ ಖಾಲಿ ಮಾಡಿಕೊಂಡು ಇವನು ಹಿಂದಿನಿಂದ ಬಂದ. ಮನೆ ಮಾಲೀಕರ ಕಡೆಯವರು ಇನ್‌ಸ್ಪೆಕ್ಷನ್‌ಗೆ ಬರುವ ಮುಂಚೆ ಹಿತ್ತಲು ಸಮ ಮಾಡಿದನಂತೆ. ಪೆನ್ನಿಗಳನ್ನೆಲ್ಲ ತಂದಿದ್ದ, ಒಂದೊಂದನ್ನೂ ಹತ್ತಿಯಲ್ಲಿ ಸುತ್ತಿ. ಸೀಸದ ಗುಂಡನ್ನೂ ತಂದಿದ್ದ.

"ಕಾಲುಂಗುರ?"

ಇವನು ಜೇಬು ಮುಟ್ಟಿ ನೋಡಿಕೊಂಡ. ಜೇಬಿನಲ್ಲಿರುತ್ತದೆ ಎಂದು ಇವನಿಗೂ ನಂಬಿಕೆ ಇರಲಿಲ್ಲ. "ಅಲ್ಲೇ ಉಳೀತೇನೋ. ಬೇರೆ ತಗೊಂಡ್ರಾಯ್ತು ಬಿಡು, ಬೆಳ್ಳಿ ತಾನೇ."

ನಾನು ಆ ದಿನ ಚೀರಲಿಲ್ಲ. ಚೀರಿದ್ದರೆ ಚೆನ್ನಾಗಿತ್ತು. ಬೇರೆ ತಗೊಳ್ಳಲಿಲ್ಲ, ಹಟ ಹಿಡಿದೆ.

ವರಮಹಾಲಕ್ಷ್ಮಿಯ ದಿನ ಅರಿಶಿನ ಕುಂಕುಮಕ್ಕೆ ಕರೆದಿದ್ದ ಆಂಟಿಯೊಬ್ಬರು ಬಾಗಿಲಲ್ಲಿ ನನ್ನ ಬರಿಯ ಕಾಲ್ಬೆರಳು ನೋಡಿ, ಕುಂಕುಮದ ಬಟ್ಟಲನ್ನು ಒಂದು ಕ್ಷಣ ಹಿಂದಕ್ಕೆಳೆದುಕೊಂಡರು. "ಎಲ್ಲ ಚೆನ್ನಾಗಿದೀರ ತಾನೇ, ಮನೇಲಿ?" ಎಂದರು. ಅದನ್ನು ಮನೆಗೆ ಬಂದು ಹೇಳಿದರೆ ಇವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನು ಸತ್ತೋದೆ ಅನ್ಕೊಂಡ್ರೇನೋ." ಅನ್ನ ಬಡಿಸುತ್ತಿದ್ದ ನನಗೆ ಆ ಆಂಟಿ ಅಂದುಕೊಂಡದ್ದು ಪೂರ್ತಿ ತಪ್ಪಲ್ಲ ಅನ್ನಿಸಿತು.

ಸಿಡ್ನಿಯಲ್ಲಿ ಇವನಿಗೆ ಕೀರ್ತಿ ಬಂತು. ಬೀಚಿನಲ್ಲಿ ಉಂಗುರ ಕಳೆದುಕೊಂಡವರಿಗೆ ಹುಡುಕಿಕೊಡುವ ಒಂದು ಆನ್‌ಲೈನ್ ಗ್ರೂಪು, ಅದರಲ್ಲಿ ಇವನ ಫೋಟೋಗಳೇ ಫೋಟೋಗಳು. ಫೋನ್ ಬಂದರೆ ಊಟ ಬಿಟ್ಟು ಓಡುತ್ತಿದ್ದ. ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದ, ಅಗೆಯಲು. ಹೊಸದಾಗಿ ಮದುವೆಯಾದ ಬಿಳಿಯ ಜೋಡಿ, ಹುಡುಗಿಯ ಮೂಗು ಅತ್ತು ಅತ್ತು ಕೆಂಪಾಗಿತ್ತು. ಬಿಸಿಲಲ್ಲಿ ಮಧ್ಯಾಹ್ನವಿಡೀ ತಟ್ಟೆ ಬೀಸಿದ. ಕೊನೆಗೂ ನಾನು ಬಗೆದ ಮರಳಿನಲ್ಲಿ ಉಂಗುರ ಹೊಳೆಯಿತು. ಇವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ತಣ್ಣೀರಿನಲ್ಲಿ ತೊಳೆದು, ಆ ಹುಡುಗಿಗೆ ಎರಡೂ ಕೈಯಲ್ಲಿ ಕೊಟ್ಟ. ಅವಳು ಇವನನ್ನು ತಬ್ಬಿಕೊಂಡು ಅತ್ತಳು. ಇವನ ಕಣ್ಣೂ ಒದ್ದೆಯಾಗಿತ್ತು. ಮದುವೆಯ ಗುರುತು ಬರೀ ಲೋಹವಲ್ಲ, ನಮ್ಮ ದೇಶದವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು ಎಂದು ಇಂಗ್ಲಿಷಿನಲ್ಲಿ ಹೇಳಿದ. ನೀನು ಅದೃಷ್ಟವಂತೆ ಎಂದು ಆ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಕಾಲ್ಬೆರಳುಗಳನ್ನು ಮರಳಿನೊಳಗೆ ಹೂತುಕೊಂಡು ನಿಂತಿದ್ದೆ. ಇವನ ಮೇಲೆ ನನಗೆ ಮೊದಲ ಸಲ ಅಸಹ್ಯ ಹುಟ್ಟಿದ್ದು ಆಗ.

ಕಳೆದ ವರ್ಷ ಇವನ ಗೆಳೆಯನೊಬ್ಬ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಅಪಾರ್ಟ್‌ಮೆಂಟ್ ಕೊಂಡ. ಗೃಹಪ್ರವೇಶಕ್ಕೆ ಕಾರಿನಲ್ಲೇ ಹೊರಟೆವು. ಡಿಕ್ಕಿಯಲ್ಲಿ ಮೆಷಿನ್ ಹಾಕಿಸಿದವಳು ನಾನೇ. ಊಟ ಮುಗಿದ ಮೇಲೆ ಕ್ಲೇಟನ್‌ಗೆ ಹೋಗಲೇಬೇಕು ಎಂದೆ.

ಹಳೆಯ ಮನೆಯಲ್ಲಿ ಈಗ ವಿದ್ಯಾರ್ಥಿಗಳಿದ್ದರು. ಬಾಗಿಲು ತೆರೆದ ಪಂಜಾಬಿ ಹುಡುಗಿಗೆ ಹಿಂದಿಯಲ್ಲಿ ವಿಷಯ ಹೇಳಿದೆ. ಪಾಪ, ಅವಳಿಗೆ ನನ್ನ ಗಂಡನಿಗಿಂತ ಬೇಗ ಅರ್ಥವಾಯಿತು. ಆರಾಮಾಗಿ ಹುಡುಕಿ ದೀದಿ ಎಂದು ಹಿತ್ತಲಿನ ಗೇಟು ತೆಗೆದಳು.

"ಕಂಬದ ಹತ್ರ" ಎಂದೆ.

"ಅಲ್ಲ, ಬೇಲಿ ಪಕ್ಕ. ಹೂತಿದ್ದು ನಾನಲ್ವಾ?" ಎಂದು ಹೆಡ್‌ಫೋನ್ ಏರಿಸಿಕೊಂಡ.

ಬೇಲಿಯುದ್ದಕ್ಕೂ ಬೀಸಿದ. ಒಂದು ಕಡೆ ನಿಂತ, ತಾನೇ ಅಗೆದ. ಎದ್ದು ನಿಂತಾಗ ಮುಖ ಅರಳಿತ್ತು. ಹತ್ತಿರ ಓಡಿದೆ.

"ಫ್ಲೋರಿನ್ ಕಣೇ. ಬೆಳ್ಳೀದು. ಅಷ್ಟು ತಿಂಗಳು ಇದರ ಮೇಲೇ ಓಡಾಡ್ತಿದ್ವಲ್ಲ." ಅಂಗೈಯಲ್ಲಿ ದೊಡ್ಡ ಹಳೆಯ ನಾಣ್ಯ. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅದನ್ನು ತೊಳೆಯತೊಡಗಿದ, ಕೂಸಿಗೆ ನೀರು ಹಾಕುವ ಹಾಗೆ. ಮೆಷಿನ್ ಹುಲ್ಲಿನ ಮೇಲೆ ಬಿದ್ದಿತ್ತು. ನಾವು ಯಾಕೆ ಬಂದೆವು ಎನ್ನುವುದು ಇವನಿಗೆ ಮರೆತೇಹೋಗಿತ್ತು.

ನಾನು ಮೆಷಿನ್ ಎತ್ತಿಕೊಂಡೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಇವನು ಅದನ್ನು ನನ್ನ ಕೈಗೆ ಕೊಟ್ಟಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬಟ್ಟೆಯ ಕಂಬದ ಹತ್ತಿರ ತಟ್ಟೆ ಆಡಿಸಿದೆ. ಬಂತು. ಅರ್ಧಕ್ಕೆ ನಿಂತು ಮತ್ತೆ ಎಳೆಯುವ ಅದೇ ಕೀರಲು ದನಿ, ನನ್ನ ಕಾಲಿನ ದನಿ. ಕೆಳಗೆ ಸೋದರಮಾವನ ಎರಡು ಮೀನುಗಳಿದ್ದವು.

ಅಗೆಯುವ ಸಲಿಕೆಗಾಗಿ ತಿರುಗಿದೆ. ಸಲಿಕೆ ಇವನ ಪಕ್ಕದಲ್ಲಿತ್ತು. ಇವನು ನಾಣ್ಯದ ಫೋಟೋ ತೆಗೆಯುತ್ತಿದ್ದ, ಗ್ರೂಪಿಗೆ ಹಾಕಲು. ಈಗ ಕರೆದರೆ ಬರುತ್ತಾನೆ. ಅಗೆದು, ತೊಳೆದು, ಹೆಂಡತಿಯ ಕಾಲುಂಗುರ ಹುಡುಕಿಕೊಟ್ಟೆ ಎಂದು ಅದರದ್ದೂ ಫೋಟೋ ಹಾಕುತ್ತಾನೆ. ಬಗ್ಗಿ ನನ್ನ ಕಾಲಿಗೆ ತೊಡಿಸಿದರೂ ತೊಡಿಸಿಯಾನು, ಕಣ್ಣು ಒದ್ದೆ ಮಾಡಿಕೊಂಡು. ಸೋದರಮಾವ ಕೊಟ್ಟದ್ದನ್ನು ಇನ್ನೊಂದು ಸಲ ಆ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

"ಏನಾದ್ರೂ ಬಂತಾ?" ಎಂದು ಅಲ್ಲಿಂದಲೇ ಕೇಳಿದ.

"ಕ್ಯಾನ್ ರಿಂಗು" ಎಂದೆ. ಮೆಷಿನ್ ಆರಿಸಿದೆ.

ಸಿಡ್ನಿಯ ದಾರಿಯಲ್ಲಿ ಬಹಳ ಹೊತ್ತು ಫ್ಲೋರಿನ್‌ನ ಕಥೆ ಹೇಳಿ, ಆಮೇಲೆ ನೆನಪಾಗಿ, "ಬೇಜಾರ್ ಮಾಡ್ಕೋಬೇಡ. ಊರಿಗೆ ಹೋದಾಗ ಹೊಸ ಕಾಲುಂಗುರ ಕೊಡಿಸ್ತೀನಿ" ಎಂದ.

"ಬೇಡ. ಮೆಷಿನ್ ಕೂಗುತ್ತೆ."

ಇವನು ಸ್ಟಿಯರಿಂಗ್ ಮೇಲೆ ಬೆರಳು ತಟ್ಟುತ್ತ ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. "ಅದೂ ಸರೀನೇ" ಎಂದ.