ನಾನು ಕೊಡದ ಅಳತೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಕೈಗಡಿಯಾರ ನೋಡಿಕೊಳ್ಳುವ ಪೈಕಿಯವನು ನಾನು. ಸತ್ತವರು ಕನಸಿನಲ್ಲಿ ಬಂದದ್ದು, ಬೆನ್ನ ಹಿಂದೆ ಹೆಸರು ಹಿಡಿದು ಕರೆದ ದನಿ, ಎಲ್ಲವನ್ನೂ ಮದುವೆ ಮನೆಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಕೇಳಿ, ಎಷ್ಟು ಗಂಟೆಗೆ, ಮತ್ತೆ ಯಾರು ನೋಡಿದರು ಎಂದು ಅಡ್ಡಪ್ರಶ್ನೆ ಹಾಕಿ ಹೇಳುವವರ ಉತ್ಸಾಹಕ್ಕೆ ತಣ್ಣೀರೆರಚಿದ್ದೇನೆ. ನನ್ನ ಹೆಂಡತಿ ಸುನಂದಾ ಇದೇ ಕಾರಣಕ್ಕೆ ನಾಲ್ಕು ಜನ ಸೇರಿದಲ್ಲಿ ನನ್ನ ಪಕ್ಕ ಕೂರುತ್ತಿರಲಿಲ್ಲ. ತಪ್ಪು ನನ್ನದಲ್ಲ, ಕಸುಬಿನದು. ಕಾರಖಾನೆಗಳ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಧಾರವಾಡ ಬಿಟ್ಟು ಪುಣೆಗೆ ಬಂದಾಗಿನಿಂದ ಅದನ್ನೇ ಮಾಡುತ್ತಿದ್ದೇನೆ. ಅಳತೆಗೆ ಸಿಗದದ್ದು ಇಲ್ಲವೇ ಇಲ್ಲ ಎಂದು ತಿಳಿದಿದ್ದವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ಗಡಿಯಾರ ನೋಡಿಕೊಂಡರೆ ನನಗೇನೂ ಬೇಸರವಿಲ್ಲ.

ನನಗಿರುವುದು ಒಂದೇ ಚಟ, ಕಾರು. ಮೊದಲು ನನ್ನ ಹತ್ತಿರ ಎರಡು ಬಾಗಿಲಿನ ಒಂದು ಸ್ಪೋರ್ಟ್ಸ್ ಕಾರಿತ್ತು. ಕಂಪನಿಯವರು ಮಾಡಿ ಕಳಿಸಿದ್ದರಲ್ಲಿ ಅದರ ಛಾವಣಿ, ಬಾಗಿಲು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಇಂಜಿನ್ನಿನ ಒಳಭಾಗ, ಸೈಲೆನ್ಸರು, ಸಸ್ಪೆನ್ಶನ್ನು, ಎಲ್ಲ ಬದಲಾಯಿಸಿದ್ದೆವು. ಬದಲಾಯಿಸಿದ್ದೆವು ಎಂದರೆ ನಾನು ಮತ್ತು ಮಲ್ಲಪ್ಪಣ್ಣ. ಮಲ್ಲಪ್ಪಣ್ಣ ಬೆಳಗಾವಿಯವರು, ನನಗಿಂತ ಆರೇಳು ವರ್ಷ ದೊಡ್ಡವರು. ಪುಣೆಯ ಹೊರವಲಯದ ಭೋಸರಿಯ ಒಂದು ತಗಡಿನ ಶೆಡ್ಡಿನಲ್ಲಿ ಲೇಥ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುತ್ತಾರೆ. ನಾನು ಅಳತೆ ಬರೆದುಕೊಡುವುದು, ಅವರು ಉಕ್ಕು ಕಡೆಯುವುದು. ಎಂಟು ವರ್ಷದ ಭಾನುವಾರಗಳು ಹೀಗೇ ಕಳೆದವು. ಆ ಕಾರು ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನೊಳಗೆ ಬಂದರೆ ಮೂರನೆಯ ಮಾಳಿಗೆಯಲ್ಲಿ ಮಲಗಿದ ಕೂಸು ಏಳುತ್ತಿತ್ತು.

ಐವತ್ತು ದಾಟಿದ ಮೇಲೆ ನನಗೆ ಅದರ ಗದ್ದಲ ಸಾಕಾಯಿತು. ಸೊಂಟವೂ ದೂರು ಹೇಳುತ್ತಿತ್ತು. ಅಷ್ಟರಲ್ಲಿ ಪುಣೆಯದೇ ವಾಕಡದಲ್ಲಿ ಒಬ್ಬ ಹುಡುಗ, ಬೆಂಗಳೂರಿನ ಕಡೆಯವನು, ತನ್ನ ಹಳೆಯ ಕಾರು ಮಾರುತ್ತಿದ್ದಾನೆಂದು ಗೊತ್ತಾಯಿತು. ಹೊರದೇಶದಿಂದ ಬಂದ ಬೂದು ಬಣ್ಣದ ಕಾರು. "ಸರ್, ಇಂಡಿಯಾದಲ್ಲಿ ಈ ಮಾಡೆಲ್ ಬೆರಳಲ್ಲಿ ಎಣಿಸ್ಬಹುದು. ಪಾರ್ಟ್ಸ್ ಸಿಗೋದು ಕಷ್ಟ, ಆದ್ರೆ ಗಾಡಿ ಮಾತ್ರ ಬೆಣ್ಣೆ" ಎಂದ. ಸುಳ್ಳು ಹೇಳಿರಲಿಲ್ಲ. ಓಡಿಸಿ ನೋಡಿದವನು ಸೋತುಬಿಟ್ಟೆ. ಒಂದೇ ತಿಂಗಳಲ್ಲಿ ನಮ್ಮ ಹಳೆಯ ಕಾರು ಇಂದಾಪುರದ ಒಬ್ಬ ಟ್ರ್ಯಾಕ್ಟರ್ ವ್ಯಾಪಾರಿಯ ಪಾಲಾಯಿತು, ಬೂದು ಕಾರು ನನ್ನ ಮನೆಗೆ ಬಂತು.

ಮಾರುವ ಮುಂಚೆ ಮಲ್ಲಪ್ಪಣ್ಣನಿಗೆ ಒಂದು ಮಾತು ಹೇಳಲಿಲ್ಲ. ನೋಡಿ, ಇಲ್ಲಿ ನಾನು ಮಾಡಿದ್ದು ತಪ್ಪು, ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ. ಹೊಸ ಕಾರನ್ನು ತೋರಿಸಲು ಸಿಹಿ ಪೊಟ್ಟಣ ಹಿಡಿದು ಶೆಡ್ಡಿಗೆ ಹೋದೆ. ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಒಂದು ಸುತ್ತು ಹಾಕಿದರು.

"ಎಂಟ ವರ್ಷ ಕೂಡಿ ಮಾಡಿದ್ದನ್ನ ಮಾರಿ ಬಂದ್ರಿ. ಛಲೋ ಆತು. ಇದನ್ನ ಯಾರು ಮಾಡ್ಯಾರೋ ಅವರ ಕಡೇನ ಒಯ್ರಿ. ಇದಕ್ಕ ನನ್ನ ಕೈ ಹತ್ತೂದಿಲ್ಲ" ಎಂದು ಒಳಗೆ ಹೋದರು. ಪೊಟ್ಟಣ ಬಿಚ್ಚಲಿಲ್ಲ. ಮೂರು ತಿಂಗಳು ಫೋನೂ ಎತ್ತಲಿಲ್ಲ.

ಪುಣೆಯಲ್ಲಿ ನನಗೆ ಬಂಧುಗಳಿದ್ದಾರೆ, ಸಹೋದ್ಯೋಗಿಗಳಿದ್ದಾರೆ. ಗೆಳೆಯ ಎನ್ನುವಂಥವರು ಮಲ್ಲಪ್ಪಣ್ಣ ಒಬ್ಬರೇ ಇದ್ದರೆಂದು ಆ ಮೂರು ತಿಂಗಳಲ್ಲಿ ತಿಳಿಯಿತು. ಆದರೂ ಹೋಗಿ ತಪ್ಪಾಯಿತು ಎನ್ನಲು ನನಗೆ ಬಿಗುಮಾನ.

ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಅವರದೇ ಫೋನು ಬಂತು. "ಸಾಹೇಬ್ರ, ನಿಮ್ಮ ಪಿನ್ನ ತಯಾರ ಆಗೇದ. ಬಂದು ಒಯ್ರಿ." ಇಷ್ಟೇ ಹೇಳಿ ಇಟ್ಟರು. ನನಗೆ ನಗು ಬಂತು. ಯಾವ ಪಿನ್ನೂ ಇಲ್ಲ, ಮುನಿಸು ಇಳಿದಿದೆ, ಮಾತಾಡಲು ಒಂದು ನೆವ ಬೇಕಾಗಿದೆ ಎಂದುಕೊಂಡೆ. ಮಧ್ಯಾಹ್ನವೇ ಕೆಲಸ ಬಿಟ್ಟು ಬೂದು ಕಾರಿನಲ್ಲಿ ಭೋಸರಿಗೆ ಹೋದೆ.

ಮಲ್ಲಪ್ಪಣ್ಣ ಎಣ್ಣೆ ಕಾಗದದಲ್ಲಿ ಸುತ್ತಿದ್ದ ಒಂದು ಪಿನ್ನನ್ನು ತಂದು ನನ್ನ ಕೈಗಿಟ್ಟರು. ನಡುಬೆರಳಿನಷ್ಟು ಉದ್ದ, ಗಟ್ಟಿ ಉಕ್ಕಿನದು, ಒಂದು ತುದಿಗೆ ತಿರುಪಿನ ಸುತ್ತು. ಇದೇನು ಎಂದು ಕೇಳಿದೆ.

"ಇದೇನಂದ್ರ? ನಿನ್ನೆ ನೀವ ಬಂದು ಅಳತಿ ಕೊಟ್ಟ ಹೋದ್ರಲ್ಲ."

"ನಿನ್ನೆ ನಾ ಎಲ್ಲಿ ಬಂದಿದ್ದೆನ್ರೀ ಅಣ್ಣಾ?"

ಅವರು ನನ್ನ ಮುಖವನ್ನೇ ನೋಡಿದರು. ಚೇಷ್ಟೆ ಮಾಡುವ ಮನುಷ್ಯರಲ್ಲ. ಎರಡು ಗಂಟೆಯ ಸುಮಾರಿಗೆ ನಾನು ನಡೆದುಕೊಂಡು ಬಂದೆನಂತೆ, ಕಾರು ಇರಲಿಲ್ಲವಂತೆ. ಬಾಗಿಲಲ್ಲೇ ನಿಂತು ಕಾಗದ ಚಾಚಿದೆನಂತೆ. "ಮುಂದಿನ ಎಡ ಗಾಲೀದು, ಭಾನುವಾರದೊಳಗ ಬೇಕು ಅಂದ್ರಿ. ಅಷ್ಟ. ಚಾ ತರಸ್ತೀನಿ ಕುಂಡ್ರಿ ಅಂದೆ, ಕುಂಡ್ರಲಿಲ್ಲ. ಮಾರಿ ಭಾಳ ಇಳಿದಿತ್ತು. ಆರಾಮ ಇಲ್ಲೇನೋ ಅಂತ ನಾನೂ ಸಿಟ್ಟು ಬಿಟ್ಟೆ."

ಕಾಗದವನ್ನು ಲೇಥಿನ ಪಕ್ಕದ ಮೊಳೆಗೆ ಚುಚ್ಚಿಟ್ಟಿದ್ದರು. ತೆಗೆದು ನೋಡಿದೆ. ನನ್ನ ಅಕ್ಷರ. ಏಳರ ಅಂಕಿಗೆ ನಡುವೆ ಒಂದು ಗೀಟು ಹಾಕುವುದು ನನ್ನ ರೂಢಿ, ಆ ಗೀಟು ಇತ್ತು. ಕೆಳಗೆ ನನ್ನ ಚಿಕ್ಕ ಸಹಿ. ಮೂಲೆಯಲ್ಲಿ, ಅಳೆದ ಜಾಗದ ಉಷ್ಣತೆ. ಲೋಹ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕಾಗಿ ಎಲ್ಲಿ ಏನು ಅಳೆದರೂ ಅಲ್ಲಿಯ ಉಷ್ಣತೆಯನ್ನು ಪಕ್ಕದಲ್ಲಿ ಬರೆಯುವುದು ನಮ್ಮ ಕಸುಬಿನವರ ಪದ್ಧತಿ. ಲೇಥ್ ಶೆಡ್ಡುಗಳಲ್ಲಿ ಯಾರೂ ಅದನ್ನು ಬರೆಯುವುದಿಲ್ಲ. ಪುಣೆಯ ಮೇ ತಿಂಗಳು, ತಗಡಿನ ಕೆಳಗೆ ಮೂವತ್ತೆಂಟೋ ನಲವತ್ತೋ ಇದ್ದಿರಬೇಕು. ಕಾಗದದಲ್ಲಿ ನಾಲ್ಕು ಡಿಗ್ರಿ ಎಂದಿತ್ತು.

ಮಂಗಳವಾರ ನಾನು ಪುಣೆಯಿಂದ ಮೂರು ತಾಸಿನ ದಾರಿಯ ಇಂದಾಪುರದ ಹತ್ತಿರ ಒಂದು ಸಕ್ಕರೆ ಕಾರಖಾನೆಯಲ್ಲಿದ್ದೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಅಲ್ಲಿಯ ಉಪಕರಣಗಳನ್ನು ಪರೀಕ್ಷಿಸುವುದು ಪ್ರತಿವರ್ಷದ ಕೆಲಸ. ಬೆಳಿಗ್ಗೆ ಅವರದೇ ಜೀಪು ಬಂದು ಕರೆದೊಯ್ದಿತ್ತು, ಸಂಜೆ ತಂದು ಬಿಟ್ಟಿತ್ತು. ಗೇಟಿನ ಪುಸ್ತಕದಲ್ಲಿ ಒಳಹೋದ, ಹೊರಬಂದ ವೇಳೆಗೆ ನನ್ನ ಸಹಿ ಇದೆ. ಎರಡು ಗಂಟೆಗೆ ಅಲ್ಲಿಯ ಇಂಜಿನಿಯರನ ಜೊತೆ ಊಟಕ್ಕೆ ಕೂತಿದ್ದೆ. ಇದನ್ನೆಲ್ಲ ನಾನು ಆಮೇಲೆ ಒಂದೊಂದಾಗಿ ತಾಳೆ ನೋಡಿದ್ದೇನೆ, ಬೇರೆಯವರ ಕತೆಗೆ ಅಡ್ಡಪ್ರಶ್ನೆ ಹಾಕುವ ಹಾಗೆಯೇ.

ಇದಕ್ಕೆ ಕೈ ಹತ್ತೂದಿಲ್ಲ ಎಂದಿದ್ದ ಮಲ್ಲಪ್ಪಣ್ಣ ತಾವೇ ಜ್ಯಾಕು ತಂದು ಕಾರಿನ ಮುಂಭಾಗ ಎತ್ತಿದರು, ತಾವೇ ಕೆಳಗೆ ನುಸುಳಿದರು. ಮುಂದಿನ ಎಡ ಗಾಲಿಯ ತೋಳನ್ನು ಕಾರಿನ ಮೈಗೆ ಹಿಡಿದಿಡುವ ಪಿನ್ನು ಒಂದಿದೆ. ಸುತ್ತಲಿನದನ್ನೆಲ್ಲ ಬಿಚ್ಚದೆ ಅದು ಕಣ್ಣಿಗೂ ಬೀಳುವುದಿಲ್ಲ, ಅಳೆಯುವುದಂತೂ ದೂರ. ಕಾರು ಕೊಂಡಾಗಿನಿಂದ ನಾನು ಆ ಭಾಗ ಬಿಚ್ಚಿರಲೇ ಇಲ್ಲ. ಒಂದೂವರೆ ತಾಸಿನ ನಂತರ ಪಿನ್ನು ಹೊರಬಂತು. ಒರೆಸಿ ನೋಡಿದರೆ ನಡುವೆ ಕೂದಲೆಳೆಯಂಥ ಗೆರೆ. ಮಲ್ಲಪ್ಪಣ್ಣ ಅದನ್ನು ಕಬ್ಬಿಣದ ಅಡೆಗಲ್ಲಿನ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ಒಮ್ಮೆ ತಟ್ಟಿದರು. ಎರಡು ತುಂಡಾಯಿತು. ಒಳಗೆ ಮುಕ್ಕಾಲು ಪಾಲು ಹಳೆಯ ತುಕ್ಕು ಹಿಡಿದಿತ್ತು. ಹೊಸದಾಗಿ ಹೊಳೆಯುತ್ತಿದ್ದದ್ದು ಉಗುರಿನ ಅಂಚಿನಷ್ಟು ಜಾಗ ಮಾತ್ರ. ಇಷ್ಟು ದಿನ ಗಾಲಿಯನ್ನು ಹಿಡಿದಿದ್ದು ಅಷ್ಟೇ.

ತುಂಡುಗಳ ದಪ್ಪ ಅಳೆದೆ. ಉಷ್ಣತೆಯ ವ್ಯತ್ಯಾಸ ಕಳೆದರೆ ಕಾಗದದಲ್ಲಿ ಇದ್ದದ್ದೇ, ಮೂರನೆಯ ದಶಮಾಂಶದವರೆಗೂ.

ಭಾನುವಾರ ನಾನೂ ಸುನಂದಾಳೂ ಆ ಕಾರಿನಲ್ಲಿ ತಾಮ್ಹಿಣಿ ಘಾಟಿ ಇಳಿದು ಕೊಂಕಣಕ್ಕೆ ಹೋಗುವವರಿದ್ದೆವು. ಮಲ್ಲಪ್ಪಣ್ಣನಿಗೆ ಇದು ಗೊತ್ತಿರಲಿಲ್ಲ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನಾವು ಹೋದೆವು. ಹೊಸ ಪಿನ್ನು ಹಾಕಿಯಾಗಿತ್ತು, ಹೆದರಲು ಕಾರಣವಿರಲಿಲ್ಲ. ಆದರೂ ಘಾಟಿಯ ಒಂದು ಎಡ ತಿರುವಿನಲ್ಲಿ ಕಾರನ್ನು ಬದಿಗೆ ಹಾಕಿ ನಿಲ್ಲಿಸಿದೆ. ಕೆಳಗೆ ಕಣಿವೆ ಬಿಸಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಯಾಕ್ರೀ, ಯಾಕ ನಿಲ್ಸಿದ್ರಿ?" ನಿದ್ದೆಗಣ್ಣಲ್ಲಿ ಸುನಂದಾ ಕೇಳಿದಳು.

"ಏನಿಲ್ಲ, ಇಂಜಿನ್ನ ಆರಲಿ ಅಂತ" ಎಂದೆ. ಅವಳು ಮತ್ತೆ ನನ್ನ ಭುಜಕ್ಕೆ ತಲೆ ಇಟ್ಟಳು. ನಾನು ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ.

ನಾಲ್ಕು ಡಿಗ್ರಿಯ ಬಗ್ಗೆ ಅವಳಿಗೆ ಇಂದಿಗೂ ಹೇಳಿಲ್ಲ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಗಳ ಉಷ್ಣತಾಮಾಪಕಗಳನ್ನೂ ಪರೀಕ್ಷಿಸುತ್ತೇನೆ. ಹೆಣ ಇಡುವ ಕೋಣೆಯ ಮುಳ್ಳು ಎಲ್ಲಿ ನಿಂತಿರಬೇಕೆಂದು ನನಗೆ ಗೊತ್ತು. ಎಷ್ಟೋ ಸಲ ಆ ಕೋಣೆಗಳಲ್ಲಿ ನಿಂತು ನಾಲ್ಕು ಡಿಗ್ರಿ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ ಬಂದಿದ್ದೇನೆ.

ಹಾಗಾದರೆ ಮಂಗಳವಾರ ಬಂದವನು ಯಾರು? ಆ ಪಿನ್ನು ಘಾಟಿಯಲ್ಲಿ ಮುರಿದ ಭಾನುವಾರದ ಆಚೆಯಿಂದ ಬಂದವನೋ? ಬರೆಯುವಾಗಲೇ ನನಗೆ ನಾಚಿಕೆಯಾಗುತ್ತದೆ. ಮಲ್ಲಪ್ಪಣ್ಣ ತಾವೇ ಬರೆದರು ಎನ್ನೋಣವೇ? ಅವರು ಕಾರಿನ ಕೆಳಗೆ ನೋಡಿರಲೇ ಇಲ್ಲ. ನನಗೇ ಮರೆವು ಎನ್ನೋಣವೇ? ಆಗ ಇಂದಾಪುರದಲ್ಲಿ ಊಟ ಮಾಡಿದವನು ಯಾರು? ನನ್ನೊಬ್ಬನ ಜೀವಕ್ಕಾಗಿ ನಾನು ಅಷ್ಟು ದೂರ ವಾಪಸು ಬರುವವನಲ್ಲ, ಇದು ಮಾತ್ರ ನನಗೆ ಗೊತ್ತು. ಸುನಂದಾಳ ಸಲುವಾಗಿ ಆದರೆ ಬಂದೇನು.

ಇದಾಗಿ ನಾಲ್ಕು ವರ್ಷವಾಯಿತು. ಬೂದು ಕಾರು ಈಗಲೂ ನನ್ನ ಹತ್ತಿರವೇ ಇದೆ, ಅದರ ಎಲ್ಲ ಕೆಲಸ ಮಲ್ಲಪ್ಪಣ್ಣನದೇ. ನಮ್ಮ ಭಾನುವಾರಗಳು ಮತ್ತೆ ಭೋಸರಿಯ ಶೆಡ್ಡಿನಲ್ಲೇ ಕಳೆಯುತ್ತವೆ. ಆ ದಿನದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಆದರೆ ನಾನು ಹೋದಾಗಲೆಲ್ಲ ಅವರು ಲೇಥ್ ನಿಲ್ಲಿಸಿ ಬಾಗಿಲಿಗೆ ಬಂದು, ಮಾತಿಗೆ ಮುಂಚೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಬಿಡುವುದಿಲ್ಲ. ಆಮೇಲೆ "ಬರ್ರಿ ಒಳಗ" ಎನ್ನುತ್ತಾರೆ. ಅವತ್ತು ಕಾಗದ ಕೊಟ್ಟವನ ಕೈ ಬೆಚ್ಚಗಿತ್ತೋ ಇಲ್ಲವೋ ಎಂದು ನಾನು ಅವರನ್ನು ಇನ್ನೂ ಕೇಳಿಲ್ಲ.